ಮಳೆಯ ದಾರಿ ಕಾಯುವ ಟೂಸಾನ್

ಜೂನ್ ತಿಂಗಳ ಕೊನೆಯ ವಾರ. ಬೆಳಗಿನ ಐದು ಗಂಟೆ. ಮೂಡಲಲ್ಲಿ ರಿಂಕಾನ್ ಬೆಟ್ಟಗಳ ಹಿಂದೆ ಬಾನು ಬೆಳ್ಳಗಾಗುವ ಮುನ್ನವೇ ಟೂಸಾನ್ ನಗರದ ಬೀದಿಗಳಲ್ಲಿ ಜನಸಂಚಾರ ಮೊದಲಾಗಿರುತ್ತದೆ. ನಾಯಿಯನ್ನು ಹಿಡಿದು ನಡೆಯುವ ವೃದ್ಧರು, ಕೂಸಿನ ಗಾಡಿಯನ್ನು ತಳ್ಳುತ್ತ ಓಡುವ ತಾಯಂದಿರು, ಸೈಕಲ್ಲಿನ ಮೇಲೆ ಬಾಗಿದ ತರುಣರು, ಎಲ್ಲರಿಗೂ ಅವಸರ. ಏಳೂವರೆಯ ಹೊತ್ತಿಗೆ ಬೀದಿ ಬರಿದಾಗುತ್ತದೆ. ಹತ್ತು ಗಂಟೆಯ ಮೇಲೆ ನಾಯಿಯೊಡನೆ ಹೊರಟವನನ್ನು ಊರಿಗೆ ಹೊಸಬನೆಂದೇ ತಿಳಿಯಬೇಕು. ಹಳಬರಾದರೆ ಮೊದಲು ಡಾಂಬರು ನೆಲವನ್ನು ಅಂಗೈಯಿಂದ ಮುಟ್ಟಿ ನೋಡುತ್ತಾರೆ. ತಮ್ಮ ಕೈಗೆ ತಾಳದ ಬಿಸಿ ನಾಯಿಯ ಪಾದಕ್ಕೂ ತಾಳದೆಂಬುದು ಇಲ್ಲಿನ ಮಕ್ಕಳಿಗೂ ತಿಳಿದ ವಿಷಯ.

ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿರುವ ಅರಿಜೋನ ರಾಜ್ಯದ ದಕ್ಷಿಣಕ್ಕೆ, ಮೆಕ್ಸಿಕೋ ಗಡಿಯಿಂದ ಸುಮಾರು 65 ಮೈಲಿ ಈಚೆಗೆ, ಸುತ್ತಲೂ ಬೆಟ್ಟಗಳಿರುವ ಬಟ್ಟಲಿನಂಥ ಬಯಲಿನಲ್ಲಿ ಈ ಊರು ನೆಲಸಿದೆ. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 2,400 ಅಡಿ. ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ‘ಸಿ’ ಅಕ್ಷರ ಬರುತ್ತದೆ; ಅದನ್ನು ಉಚ್ಚರಿಸಿದವನು ನಗೆಗೀಡಾಗುತ್ತಾನೆ. ಊರಿನ ಪಡುವಣಕ್ಕೆ ಬುಡ ಕಪ್ಪಾಗಿರುವ ಒಂದು ಗುಡ್ಡವುಂಟು. ‘ಕಪ್ಪು ಬುಡ’ ಎಂಬರ್ಥದ ಮೂಲನಿವಾಸಿಗಳ ಮಾತೇ ಸ್ಪೇನಿನವರ ಬಾಯಲ್ಲಿ ತಿರುಗಿ, ಅಮೆರಿಕನರ ಬಾಯಲ್ಲಿ ಮತ್ತೊಮ್ಮೆ ತಿರುಗಿ, ಟೂಸಾನ್ ಆಯಿತು. ಸ್ಪೇನಿನವರು ಇಲ್ಲಿ ಕೋಟೆ ಕಟ್ಟಿದ್ದು 1775ರಲ್ಲಿ. ಆಮೇಲೆ ಊರು ಮೆಕ್ಸಿಕೋಗೆ ಸೇರಿತು. 1854ರ ಒಪ್ಪಂದದಿಂದ ಅಮೆರಿಕಕ್ಕೆ ಬಂದಿತು. 2020ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 5 ಲಕ್ಷ 42 ಸಾವಿರ. ಇಷ್ಟು ಜನರ ಪಾಲಿಗೆ ವರ್ಷದಲ್ಲಿ ಬೀಳುವ ಮಳೆ 11 ಅಂಗುಲದ ಆಸುಪಾಸು ಮಾತ್ರ. ಅದರಲ್ಲಿ ಅರ್ಧದಷ್ಟು ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಬರಬೇಕು. 1990ರ ಜೂನ್ 26ರಂದು ಉಷ್ಣಮಾಪಕ 117 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಊರಿನ ದಾಖಲೆಯಲ್ಲಿ ಅದಕ್ಕೆ ಮೀರಿದ ಬಿಸಿಲಿಲ್ಲ.

ಮರುಭೂಮಿ ಎಂದೊಡನೆ ಮರಳಿನ ದಿಬ್ಬಗಳನ್ನೂ ಒಂಟೆಗಳ ಸಾಲನ್ನೂ ಕಣ್ಣಮುಂದೆ ತಂದುಕೊಳ್ಳುವ ಪ್ರವಾಸಿಗ ಇಲ್ಲಿ ಬೆರಗಾಗುತ್ತಾನೆ. ಸೊನೋರಾ ಮರುಭೂಮಿ ಹಸಿರು ಮರುಭೂಮಿ. ಕಾಂಡವೂ ಕೊಂಬೆಯೂ ಹಸಿರಾಗಿರುವ ಪಾಲೊ ವರ್ಡೆ ಮರ ವಸಂತದಲ್ಲಿ ಹಳದಿ ಹೂವಿನಿಂದ ಮುಚ್ಚಿಹೋಗುತ್ತದೆ. ಹಳ್ಳಗಳ ದಂಡೆಯಲ್ಲಿ ಮೆಸ್ಕೀಟ್ ಮರಗಳ ಸಾಲು. ಇದನ್ನು ಕಂಡ ಕನ್ನಡಿಗನಿಗೆ ಎಲ್ಲಿಯೋ ನೋಡಿದ ನೆನಪಾದರೆ ಆಶ್ಚರ್ಯವಿಲ್ಲ. ನಮ್ಮ ಕೆರೆಯಂಗಳಗಳನ್ನು ಆಕ್ರಮಿಸಿಕೊಂಡು ರೈತರ ಶಾಪಕ್ಕೆ ಗುರಿಯಾಗಿರುವ ಬಳ್ಳಾರಿ ಜಾಲಿ ಇದರ ದಾಯಾದಿಯೇ. ಅದರ ತವರೂ ಅಮೆರಿಕ ಖಂಡವೇ. ನಾವು ಶಪಿಸುವುದನ್ನು ಅಲ್ಲಿನವರು ಉಣ್ಣುತ್ತಾರೆ. ಮೆಸ್ಕೀಟಿನ ಒಣಗಿದ ಕಾಯಿಯನ್ನು ಬೀಸಿದರೆ ಸಿಹಿಯಾದ ಹಿಟ್ಟಾಗುತ್ತದೆ. ಬೇಲಿಗೆ ಹಾಕುವ ಪಾಪಾಸುಕಳ್ಳಿಯ ಕಥೆಯೂ ಇದೇ. ಆ ಜಾತಿಯ ಕಳ್ಳಿಗಳಿಗೆ ಅಮೆರಿಕವೇ ಹುಟ್ಟೂರು; ಅದರ ಎಳೆಯ ಹಾಳೆಗಳನ್ನು ಮುಳ್ಳು ತೆಗೆದು ಪಲ್ಯ ಮಾಡುತ್ತಾರೆ, ಹಣ್ಣಿನಿಂದ ಕೆನ್ನೇರಳೆ ಬಣ್ಣದ ಪಾನಕ ಕಾಯಿಸುತ್ತಾರೆ. ಟೂಸಾನಿನ ಅಡುಗೆಯೇ ಒಂದು ಪ್ರತ್ಯೇಕ ಲೇಖನಕ್ಕೆ ವಸ್ತುವಾದೀತು. ಬೆಳಗಾವಿಯ ಮಂಡಿಗೆಯನ್ನು ನೆನಪಿಗೆ ತರುವಷ್ಟು ಅಗಲವೂ ತೆಳುವೂ ಆದ ಗೋಧಿಯ ರೊಟ್ಟಿ ಅಲ್ಲಿನ ಮೆಕ್ಸಿಕನ್ ಮನೆಗಳಲ್ಲಿ ಉಂಟು. 2015ರಲ್ಲಿ ಯುನೆಸ್ಕೋ ಸಂಸ್ಥೆ ಅಮೆರಿಕದ ಊರುಗಳಲ್ಲಿ ಮೊತ್ತಮೊದಲಿಗೆ ಇದನ್ನೇ ಪಾಕಕಲೆಯ ನಗರವೆಂದು ಮನ್ನಿಸಿತು.

ಆದರೆ ಈ ನಾಡಿನ ಅರಸ ಸವಾರೊ. ಇದು ಕಳ್ಳಿ; ಆದರೂ ಮರದಂತೆ 40 ಅಡಿ ಬೆಳೆಯುತ್ತದೆ, ಕೈಗಳನ್ನು ಮೇಲಕ್ಕೆತ್ತಿ ನಿಂತ ಮನುಷ್ಯನಂತೆ ತೋರುತ್ತದೆ. ಅದಕ್ಕೆ ಅವಸರವೆಂಬುದೇ ಇಲ್ಲ. ಮೊದಲ ಎಂಟು ವರ್ಷಗಳಲ್ಲಿ ಅದು ಬೆಳೆಯುವುದು ಒಂದೂವರೆ ಅಂಗುಲದಷ್ಟು. ಅಷ್ಟು ಕಾಲವೂ ಯಾವುದಾದರೊಂದು ಮೆಸ್ಕೀಟ್ ಅಥವಾ ಪಾಲೊ ವರ್ಡೆಯ ನೆರಳಿನಲ್ಲಿ, ತಾಯಿಯ ಸೆರಗಿನ ಮರೆಯ ಮಗುವಿನಂತೆ ಇರಬೇಕು. ಬರಿಯ ಬಿಸಿಲಿಗೆ ಬಿದ್ದರೆ ಉಳಿಯದು. ಮೊದಲ ಕೈ ಮೂಡುವ ಹೊತ್ತಿಗೆ 50ರಿಂದ 75 ವರ್ಷ ಸಂದಿರುತ್ತದೆ. ನೂರೈವತ್ತು ವರ್ಷ ಬಾಳುವುದು ಅದಕ್ಕೆ ಅಪರೂಪವಲ್ಲ. ಮೈಮೇಲೆಲ್ಲ ಹಾರ್ಮೋನಿಯಮ್ಮಿನ ತಿದಿಯ ಹಾಗೆ ನೆರಿಗೆಗಳು. ಮಳೆ ಬಂದಾಗ ನೀರು ಹೀರಿ ನೆರಿಗೆ ಬಿಚ್ಚುತ್ತದೆ, ಬರದಲ್ಲಿ ಮತ್ತೆ ಮಡಚಿಕೊಳ್ಳುತ್ತದೆ. ಮರಕುಟಿಗ ಹಕ್ಕಿ ಅದರಲ್ಲಿ ಪೊಟರೆ ಕೊರೆದು ಸಂಸಾರ ಹೂಡುತ್ತದೆ. ಹಕ್ಕಿ ಬಿಟ್ಟುಹೋದ ಪೊಟರೆಗೆ ಗೂಬೆ ಬಾಡಿಗೆದಾರನಾಗಿ ಬರುವುದೂ ಉಂಟು. ಅರಿಜೋನದಲ್ಲಿ ಸವಾರೊವನ್ನು ಕಡಿಯುವುದು ಕಾನೂನಿಗೆ ವಿರೋಧ. 1933ರಲ್ಲಿ ಇದರ ಒಂದು ಕಾಡನ್ನೇ ರಕ್ಷಿತ ಪ್ರದೇಶವೆಂದು ಸಾರಲಾಯಿತು. 1994ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ನಗರದ ಮೂಡಲಿಗೊಂದು, ಪಡುವಲಿಗೊಂದು, ಹೀಗೆ ಅದಕ್ಕೆ ಎರಡು ಭಾಗಗಳು. ನಡುವೆ ಊರು.

ಇಂಥ ಬಿಸಿಲಿನಲ್ಲಿ ಗೃಹಕೃತ್ಯ ನಡೆಯುವುದು ಹೇಗೆ? ಅಂಗಡಿಯ ಮುಂದೆ ಕಾರು ನಿಲ್ಲಿಸುವಾಗ ಟೂಸಾನಿನ ಗೃಹಿಣಿ ಬಾಗಿಲಿಗೆ ಹತ್ತಿರದ ಜಾಗವನ್ನು ಹುಡುಕುವುದಿಲ್ಲ. ಎಷ್ಟು ದೂರವಾದರೂ ಸರಿಯೇ, ಒಂದು ಮರದ ನೆರಳನ್ನು ಹುಡುಕುತ್ತಾಳೆ. ಮಕ್ಕಳು ಹೊರಗೆ ಬಿಟ್ಟ ಬೂಟನ್ನು ಕೊಡವದೆ ತೊಡುವುದಿಲ್ಲ, ಚೇಳಿನ ಭಯ. ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಅಮೆರಿಕದ ಪದ್ಧತಿಯನ್ನು ಅರಿಜೋನ 1968ರಲ್ಲಿ ಕೈಬಿಟ್ಟಿತು. ಉಳಿದ ರಾಜ್ಯಗಳವರಿಗೆ ಸಂಜೆಯ ಬೆಳಕು ಹೆಚ್ಚಲೆಂಬ ಆಸೆ. ಇಲ್ಲಿಯವರಿಗೆ ಸೂರ್ಯ ಎಷ್ಟು ಬೇಗ ಮುಳುಗಿದರೆ ಅಷ್ಟು ಪುಣ್ಯ.

ಹಳೆಯ ಮನೆಗಳ ಮಾಡಿನ ಮೇಲೆ ತಗಡಿನ ಒಂದು ಪೆಟ್ಟಿಗೆ ಕಾಣುತ್ತದೆ. ಅದರ ಒಳಗೆ ಮರದ ನಾರಿನ ಮೆತ್ತೆ; ಮೆತ್ತೆಯ ಮೇಲೆ ನೀರು ತೊಟ್ಟಿಕ್ಕುತ್ತಿರುತ್ತದೆ; ಬೀಸಣಿಗೆಯೊಂದು ಆ ತೇವದ ಮೂಲಕ ಗಾಳಿಯನ್ನು ಎಳೆದು ಮನೆಯೊಳಕ್ಕೆ ನೂಕುತ್ತದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ತಂಪು ಕಂಡವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ. ಇದಕ್ಕೂ ಹಿಂದಿನ ಕಾಲದಲ್ಲಿ ಜನ ಜಾಲರಿ ಹಾಕಿದ ಜಗಲಿಯಲ್ಲಿ ಒದ್ದೆ ದುಪ್ಪಟಿ ಹೊದ್ದು ಮಲಗುತ್ತಿದ್ದರು. ಜೂನ್ ತಿಂಗಳ ಒಣಗಾಳಿಯಲ್ಲಿ ಈ ಪೆಟ್ಟಿಗೆ ಮನೆಯ ಬಿಸಿಯನ್ನು 20 ಡಿಗ್ರಿಗೂ ಮೀರಿ ಇಳಿಸುತ್ತದೆ. ಆದರೆ ಒಂದು ವಿಚಿತ್ರ: ಮಳೆಗಾಲ ಬಂದು ಗಾಳಿಯಲ್ಲಿ ತೇವ ಸೇರಿದೊಡನೆ ಅದರ ಶಕ್ತಿ ಉಡುಗುತ್ತದೆ. ವರ್ಷವೆಲ್ಲ ಯಾವ ಮಳೆಗಾಗಿ ಕಾದರೋ ಆ ಮಳೆ ಬಂದ ದಿನ ಮನೆಯೊಳಗೆ ಬೆವರು ಸುರಿಯುತ್ತದೆ. ಯಾರೂ ದೂರುವುದಿಲ್ಲ, ಎಲ್ಲರೂ ಎದ್ದು ಜಗಲಿಗೆ ಬರುತ್ತಾರೆ.

ಭಾನುವಾರದ ವಿಹಾರವೆಂದರೆ ಹೆಚ್ಚಿನ ಸಂಸಾರಗಳಿಗೆ ಉತ್ತರದ ಕ್ಯಾಟಲೀನ ಬೆಟ್ಟವೇ. ಅದರ ತುದಿಯ ಹೆಸರು ಲೆಮನ್. ಎತ್ತರ 9,157 ಅಡಿ. ನಿಂಬೆಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. 1881ರಲ್ಲಿ ಗಂಡನೊಡನೆ ಈ ಬೆಟ್ಟವನ್ನೇರಿದ ಸೇರಾ ಲೆಮನ್ ಎಂಬ ಸಸ್ಯವಿಜ್ಞಾನಿಯ ಹೆಸರು ಅದು. ಬುತ್ತಿಯ ಬುಟ್ಟಿ, ನೀರಿನ ಪೀಪಾಯಿ, ಹೆಗಲ ಮೇಲೆ ಸ್ವೆಟರು! ಕೆಳಗೆ ನೂರು ಡಿಗ್ರಿಯ ಬೇಗೆಯಲ್ಲಿ ಸ್ವೆಟರು ಹೊತ್ತು ಕಾರು ಹತ್ತುವ ಮಕ್ಕಳನ್ನು ಕಂಡರೆ ಪರಸ್ಥಳದವರಿಗೆ ನಗು ಬಂದೀತು. 27 ಮೈಲಿಯ ಸುತ್ತುದಾರಿಯಲ್ಲಿ ಮೊದಲು ಸವಾರೊಗಳು ಹಿಂದುಳಿಯುತ್ತವೆ, ಹುಲ್ಲುಗಾವಲು ಬರುತ್ತದೆ, ಓಕ್ ಮರಗಳು ಬರುತ್ತವೆ, ಆಮೇಲೆ ಪೈನ್ ಮರಗಳ ಕಾಡು. ಮೇಲಿನ ಸಮ್ಮರ್‌ಹೇವನ್ ಎಂಬ ಹಳ್ಳಿಯಲ್ಲಿ ಇಳಿದಾಗ ಮೈ ನಡುಗುವಷ್ಟು ತಂಪು. ಮೆಕ್ಸಿಕೋದಿಂದ ಕೆನಡಾದವರೆಗಿನ ಸಸ್ಯವರ್ಗವನ್ನು ಒಂದು ಗಂಟೆಯಲ್ಲಿ ನೋಡಿದಂತಾಯಿತೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಅದು ಹೊಗಳಿಕೆಯಲ್ಲ, ನಿಜ.

ಈ ದಾರಿಯನ್ನು 1933ರಿಂದ 1950ರವರೆಗೆ ಕಡಿದವರು ಸೆರೆಯಾಳುಗಳು. ದಾರಿಯ ನಡುವೆ ಅವರ ಶಿಬಿರವಿದ್ದ ಸ್ಥಳಕ್ಕೆ 1999ರಿಂದ ಗಾರ್ಡನ್ ಹಿರಾಬಯಾಶಿಯ ಹೆಸರಿದೆ. ಎರಡನೆಯ ಮಹಾಯುದ್ಧದಲ್ಲಿ ಪಶ್ಚಿಮ ಕರಾವಳಿಯ ಜಪಾನೀ ವಂಶಜರಾದ ಅಮೆರಿಕನರನ್ನೆಲ್ಲ ಮನೆಮಠ ಬಿಡಿಸಿ ಶಿಬಿರಗಳಿಗೆ ಅಟ್ಟಿದಾಗ, ಆ ಆಜ್ಞೆಗೆ ತಲೆಬಾಗದೆ ಸೆರೆಮನೆಯನ್ನು ಒಪ್ಪಿಕೊಂಡ ವಿದ್ಯಾರ್ಥಿ ಆತ. ಆತನನ್ನು ಇಲ್ಲಿಗೆ ಕರೆತರಲು ಸರ್ಕಾರ ಖರ್ಚು ಕೊಡಲಿಲ್ಲ. ದಾರಿಯಲ್ಲಿ ಸಿಕ್ಕಿದವರ ವಾಹನಗಳನ್ನು ಬೇಡಿ ಹತ್ತಿಕೊಂಡು, ತನ್ನ ಶಿಕ್ಷೆಯನ್ನು ತಾನೇ ಹುಡುಕಿಕೊಂಡು ಆತ ಬಂದ. ಕಾಗದಪತ್ರಗಳು ಸಿಗಲಿಲ್ಲವೆಂದು ಅಧಿಕಾರಿಗಳು ಹಿಂದಿರುಗಲು ಹೇಳಿದರೂ ಹೋಗಲೊಲ್ಲದೆ ಒಳಗೆ ಸೇರಿಕೊಂಡ. 1987ರ ಹೊತ್ತಿಗೆ ನ್ಯಾಯಾಲಯ ಆತನ ಮೇಲಿನ ಅಪರಾಧನಿರ್ಣಯಗಳನ್ನು ತೊಡೆದುಹಾಕಿತು. ತಂಪನ್ನು ಅರಸಿ ಮೇಲೇರುವ ಕಾರುಗಳಲ್ಲಿ ಇಲ್ಲಿ ನಿಲ್ಲುವವು ಕೆಲವೇ. ನಿಂತು ಫಲಕವನ್ನು ಓದಿದವರು ತಾವು ಹತ್ತಿಬಂದ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡದೆ ಇರಲಾರರು.

ಬೆಟ್ಟಕ್ಕೆ ಬೆಂಕಿಯ ಕಾಟವೂ ಉಂಟು. 2003ರಲ್ಲಿ ಸಮ್ಮರ್‌ಹೇವನ್ನಿನ ಮನೆಗಳಲ್ಲಿ ಬಹುಪಾಲು ಸುಟ್ಟುಹೋದವು. 2020ರ ಜೂನಿನಲ್ಲಿ ಸಿಡಿಲಿನಿಂದ ಹೊತ್ತಿದ ಕಿಚ್ಚು ಸುಮಾರು 1 ಲಕ್ಷ 20 ಸಾವಿರ ಎಕರೆಯನ್ನು ಆಹುತಿ ತೆಗೆದುಕೊಂಡಿತು. ರಾತ್ರಿ ಊರಿನ ಅಂಗಳಗಳಲ್ಲಿ ನಿಂತವರಿಗೆ ಬೆಟ್ಟದ ಮೇಲೆ ಕೆಂಡದ ಸರ ಕಾಣುತ್ತಿತ್ತು. ಆ ವರ್ಷದ ಮಳೆಗಾಲದಲ್ಲಿ ಎರಡು ಅಂಗುಲ ಮಳೆಯೂ ಬೀಳಲಿಲ್ಲ.

ಇರುಳಿನ ವಿಹಾರದ ಮಾತೇ ಬೇರೆ. ನೈಋತ್ಯದ ಕಿಟ್ ಶಿಖರದ ಮೇಲೆ ದೊಡ್ಡ ದೂರದರ್ಶಕಗಳಿವೆ. ಆ ಶಿಖರ ತೊಹೊನೊ ಓಓಧಮ್ ಜನರಿಗೆ ಸೇರಿದ್ದು. ತೊಹೊನೊ ಓಓಧಮ್ ಎಂದರೆ ಮರುಭೂಮಿಯ ಜನ. ಸವಾರೊವನ್ನೂ ಮನುಷ್ಯರೆಂದೇ ಎಣಿಸುವ ಈ ನೆಲದ ಹಳೆಯ ಒಕ್ಕಲು. 1955ರಲ್ಲಿ ವಿಶ್ವವಿದ್ಯಾಲಯದವರು ಅವರ ಹಿರಿಯರನ್ನು ಕರೆತಂದು ದೂರದರ್ಶಕದಲ್ಲಿ ಚಂದ್ರನನ್ನು ತೋರಿಸಿದರಂತೆ. ‘ಉದ್ದ ಕಣ್ಣಿನ ಜನ’ ಎಂದು ಖಗೋಳಜ್ಞರಿಗೆ ಹೆಸರಿಟ್ಟು, 1958ರಲ್ಲಿ ಅವರು ಬೆಟ್ಟವನ್ನು ಗುತ್ತಿಗೆಗೆ ಕೊಟ್ಟರು. ನಕ್ಷತ್ರಗಳ ಬೆಳಕು ಮಸುಳಬಾರದೆಂದು ಟೂಸಾನ್ ನಗರ 1972ರಿಂದ ತನ್ನ ಬೀದಿದೀಪಗಳಿಗೆ ಕಟ್ಟುಪಾಡು ವಿಧಿಸಿಕೊಂಡಿದೆ. ದೀಪ ಹೆಚ್ಚಿಸುವುದೇ ನಾಗರಿಕತೆಯೆಂದು ತಿಳಿದವರು ಇದನ್ನು ಗಮನಿಸಬೇಕು.

ಊರಿನಿಂದ ದಕ್ಷಿಣಕ್ಕೆ ಹತ್ತು ಮೈಲಿ ಹೋದರೆ ಬಯಲಿನ ನಡುವೆ ಬೆಳ್ಳಗೆ ಹೊಳೆಯುವ ಸಾನ್ ಹಾವಿಯೇರ್ ಇಗರ್ಜಿ ಕಾಣುತ್ತದೆ. ಪಾದ್ರಿ ಕೀನೊ ಈ ಹಳ್ಳಿಗೆ ಬಂದದ್ದು 1692ರಲ್ಲಿ. ಈಗಿನ ಕಟ್ಟಡ ಎದ್ದದ್ದು 1783 ಮತ್ತು 1797ರ ನಡುವೆ. ಎರಡು ಗೋಪುರಗಳಲ್ಲಿ ಒಂದಕ್ಕೆ ಗುಮ್ಮಟ ಕೂಡಲೇ ಇಲ್ಲ. ಮುಂದಿನ ಅಂಗಳದಲ್ಲಿ ಚಪ್ಪರದ ಕೆಳಗೆ ಓಓಧಮ್ ಹೆಂಗಸರು ಎಣ್ಣೆಯಲ್ಲಿ ಕರಿದ ದೊಡ್ಡ ರೊಟ್ಟಿ ಮಾರುತ್ತಾರೆ. ಮೇಲೆ ಹುರುಳಿಯಂಥ ಕಾಳಿನ ಪಲ್ಯ. ರೊಟ್ಟಿ ತಿಂದು ಚಿತ್ರ ತೆಗೆಸಿಕೊಂಡು ಹಿಂದಿರುಗುವ ಪ್ರವಾಸಿಗರು ಪಕ್ಕದ ನದಿಯನ್ನು ನೋಡುವುದಿಲ್ಲ. ನೋಡಲು ಅಲ್ಲಿ ಇರುವುದಾದರೂ ಏನು? ಮರಳು.

ಸಾಂತಾ ಕ್ರೂಸ್ ಎಂಬ ಈ ನದಿಯ ನಡೆಯೇ ವಿಲಕ್ಷಣ. ಅರಿಜೋನದಲ್ಲಿ ಹುಟ್ಟಿ, ತೆಂಕಣಕ್ಕೆ ಹರಿದು ಮೆಕ್ಸಿಕೋ ಹೊಕ್ಕು, ಅಲ್ಲಿ ಹೊರಳಿ ಮತ್ತೆ ಉತ್ತರಕ್ಕೆ ಬಂದು ಟೂಸಾನನ್ನು ಸೇರುತ್ತದೆ. ಇಲ್ಲಿ ಅದು ವರ್ಷವೆಲ್ಲ ಜಿನುಗುತ್ತಿದ್ದ ಕಾಲವಿತ್ತು. ನಾಲ್ಕು ಸಾವಿರ ವರ್ಷಗಳಿಂದ ಜನ ಅದರ ದಂಡೆಯಲ್ಲಿ ಬೇಸಾಯ ಮಾಡಿದ್ದರು. ಊರು ಬೆಳೆಯಿತು, ಬಾವಿಗಳು ಆಳವಾದವು, ಪಂಪುಗಳು ಬಂದವು. ನೆಲದಡಿಯ ನೀರನ್ನೇ ನಂಬಿಕೊಂಡ ಅಮೆರಿಕದ ಅತಿ ದೊಡ್ಡ ನಗರವೆಂಬ ಹೆಸರು ಟೂಸಾನಿಗೆ ಬಂದಿತು. ಕೆಲವೆಡೆ ನೀರಿನ ಮಟ್ಟ 200 ಅಡಿಗೂ ಮಿಕ್ಕಿ ಇಳಿಯಿತು. ನದಿ ಬತ್ತಿತು. ಇಗರ್ಜಿಯ ದಕ್ಷಿಣಕ್ಕಿದ್ದ ಮೆಸ್ಕೀಟಿನ ಮಹಾವನ ಬೇರಿಗೆ ನೀರೆಟುಕದೆ ಒಣಗಿ ಸತ್ತಿತು. ಓಓಧಮ್ ಜನರ ಹೊಲಗಳು ಪಾಳುಬಿದ್ದವು. ನೀರನ್ನು ಯಾರು ಕುಡಿದರೆಂಬುದು ಎಲ್ಲರಿಗೂ ತಿಳಿದಿತ್ತು. 1975ರಲ್ಲಿ ಅವರು ನ್ಯಾಯಾಲಯದ ಮೆಟ್ಟಲೇರಿದರು. 1982ರಲ್ಲಿ ಸಂಸತ್ತು ಅವರ ನೀರಿನ ಹಕ್ಕನ್ನು ಒಪ್ಪಿ ಕಾನೂನು ಮಾಡಿತು. ಕೊಲರಾಡೊ ನದಿಯಿಂದ 336 ಮೈಲಿ ಕಾಲುವೆ ತೋಡಿ, ಎರಡು ಸಾವಿರ ಅಡಿಗೂ ಮೀರಿ ಮೇಲಕ್ಕೆತ್ತಿ ತಂದ ನೀರಿನಲ್ಲಿ ಈಗ ಅವರ ಹೊಲಗಳಿಗೂ ಪಾಲುಂಟು.

ಆ ಕಾಲುವೆಯ ನೀರು 1992ರಲ್ಲಿ ಟೂಸಾನಿನ ಮನೆಗಳಿಗೆ ಬಂದಾಗ ನಡೆದ ರಂಪ ದೊಡ್ಡದು. ಹಳೆಯ ಕೊಳವೆಗಳ ತುಕ್ಕನ್ನು ಅದು ಕಿತ್ತು ತಂದಿತು. ನಲ್ಲಿಯಲ್ಲಿ ಕಂದು ನೀರು. ರೊಚ್ಚಿಗೆದ್ದ ಜನ 1995ರಲ್ಲಿ ಮತ ಹಾಕಿ ಅದನ್ನು ನೇರವಾಗಿ ಮನೆಗೆ ಬಿಡಕೂಡದೆಂದು ತಡೆದರು. ಕಡೆಗೆ ಕಂಡ ಉಪಾಯ ಸರಳವಾಗಿತ್ತು: ಪಡುವಣದ ಆವ್ರಾ ಕಣಿವೆಯಲ್ಲಿ ಕೆರೆಗಳಂಥ ಪಾತಿಗಳನ್ನು ಮಾಡಿ, ನೀರನ್ನು ನೆಲಕ್ಕೆ ಇಂಗಿಸಿ, ಅಂತರ್ಜಲದೊಡನೆ ಬೆರೆತ ಮೇಲೆ ಎತ್ತುವುದು. 2001ರಿಂದ ಊರು ಆ ನೀರನ್ನು ಕುಡಿಯುತ್ತಿದೆ. ಬತ್ತುತ್ತಿರುವ ಕೊಲರಾಡೊ ನದಿಯಲ್ಲಿ 2021ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಕೊರತೆಯನ್ನು ಅಧಿಕೃತವಾಗಿ ಸಾರಿದಾಗ ಈ ಊರಿನವರಿಗೆ ತಮ್ಮ ಪಾತಿಗಳ ಬೆಲೆ ಇನ್ನಷ್ಟು ಅರ್ಥವಾಗಿರಬೇಕು.

ಇಷ್ಟೆಲ್ಲ ಕೊಳವೆ ಕಾಲುವೆಗಳಿದ್ದರೂ ಜೂನ್ ಕೊನೆಯಲ್ಲಿ ಕಣ್ಣುಗಳೆಲ್ಲ ತೆಂಕಣ ಬಾನಿನ ಕಡೆಗೇ. ಜೂನ್ 24 ಸಂತ ಯೋಹಾನನ ಹಬ್ಬ. ಅಂದಿನಿಂದ ಮಳೆಗಾಲವೆಂಬುದು ಮೆಕ್ಸಿಕನ್ ಮನೆತನಗಳ ನಂಬಿಕೆ. ನಮ್ಮಲ್ಲಿಯೂ ಆರಿದ್ರಾ ಮಳೆ ಹುಟ್ಟುವುದು ಅದೇ ವಾರ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂಬ ಬಯಲುಸೀಮೆಯ ಗಾದೆಯನ್ನು ಟೂಸಾನಿನವರಿಗೆ ಅನುವಾದಿಸಿ ಹೇಳಿದರೆ ಟಿಪ್ಪಣಿ ಬೇಕಾಗಲಾರದು. ಇಲ್ಲಿಯ ಮಳೆಗೂ ಮಾನ್ಸೂನ್ ಎಂದೇ ಹೆಸರು.

ಇದೇ ಹೊತ್ತಿಗೆ ಸವಾರೊವಿನ ನೆತ್ತಿಯಲ್ಲಿ ಹಣ್ಣು ಮಾಗುತ್ತದೆ. ಓಓಧಮ್ ಕುಟುಂಬಗಳು ನಸುಕಿನಲ್ಲಿಯೇ ಮರುಭೂಮಿಗೆ ಹೊರಡುತ್ತವೆ. ಸತ್ತ ಸವಾರೊವಿನ ಉದ್ದನೆಯ ಪಕ್ಕೆಲುಬುಗಳನ್ನು ಜೋಡಿಸಿ ಕಟ್ಟಿದ ದೋಟಿಯಿಂದ ಬದುಕಿರುವ ಸವಾರೊವಿನ ಹಣ್ಣನ್ನು ಕೆಡವುತ್ತಾರೆ. ಕೆಂಪು ತಿರುಳನ್ನು ಬುಟ್ಟಿಗೆ ಹಾಕಿ, ಸಿಪ್ಪೆಯನ್ನು ಒಳಮೈ ಬಾನಿಗೆ ಕಾಣುವಂತೆ ನೆಲದ ಮೇಲೆ ಅಂಗಾತ ಇಡುತ್ತಾರೆ. ಮಳೆ ಬರಲೆಂಬ ಬೇಡಿಕೆ ಅದು. ತಿರುಳನ್ನು ಕಾಯಿಸಿ ಪಾಕ ಮಾಡಿ, ಅದರಲ್ಲಿ ಸ್ವಲ್ಪವನ್ನು ಹುಳಿಯಿಟ್ಟು ಮದ್ಯವಾಗಿಸಿ, ಊರೆಲ್ಲ ಸೇರಿ ಕುಡಿದು ಹಾಡಿ ಮೋಡವನ್ನು ಕೆಳಕ್ಕೆ ಕರೆಯುತ್ತಾರೆ. ಅವರ ಹೊಸ ವರ್ಷ ಮೊದಲಾಗುವುದು ಈ ಕಾಲದಲ್ಲಿ.

ಕಡೆಗೊಂದು ದಿನ ಮಧ್ಯಾಹ್ನ ಬೆಟ್ಟದ ಹಿಂದಿನಿಂದ ಮೋಡ ಗೋಪುರದಂತೆ ಏಳುತ್ತದೆ. ಗಾಳಿ ಧೂಳೆಬ್ಬಿಸುತ್ತದೆ. ಮಳೆಗಿಂತ ಮೊದಲು ಬರುವುದು ಅದರ ಕಂಪು. ಕನ್ನಡಿಗನಿಗೆ ಹೊಸಮಳೆಯ ಕಂಪೆಂದರೆ ಮಣ್ಣಿನದು. ಇಲ್ಲಿಯದು ಒಂದು ಪೊದೆಯದು. ಕ್ರಿಯೊಸೋಟ್ ಎಂಬ ಆ ಗಿಡದ ಅಂಟೆಲೆಗೆ ತೇವ ತಾಕಿದೊಡನೆ ಮೈಲಿಗಟ್ಟಲೆ ಘಾಟು ಹರಡುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಅದನ್ನು ‘ನಾರುವ ಗಿಡ’ ಎಂದು ಕರೆದದ್ದುಂಟು. ಊರಿನವರು ಅದರ ರೆಂಬೆಯೊಂದನ್ನು ಮನೆಯಲ್ಲಿ ತೂಗಿಡುತ್ತಾರೆ.

ಆಮೇಲೆ ಜಡಿಮಳೆ. ಅರ್ಧ ಗಂಟೆಯಲ್ಲಿ ಒಣಹಳ್ಳಗಳೆಲ್ಲ ಹೊಳೆಗಳಾಗುತ್ತವೆ. ರಸ್ತೆಗೆ ಅಡ್ಡವಾಗಿ ನೀರು ನುಗ್ಗುವ ಕಡೆಗಳಲ್ಲಿ ತಡೆಗಟ್ಟೆ ಇಡುತ್ತಾರೆ. ಅದನ್ನು ಮೀರಿ ಕಾರು ನುಗ್ಗಿಸಿ ಸಿಕ್ಕಿಬಿದ್ದವನು ತನ್ನನ್ನು ಮೇಲೆತ್ತಿದ ಖರ್ಚನ್ನು ತಾನೇ ತೆರಬೇಕೆಂದು 1995ರಲ್ಲಿ ಕಾನೂನಾಯಿತು. ಜನ ಅದಕ್ಕಿಟ್ಟ ಹೆಸರು ‘ಪೆದ್ದ ಚಾಲಕರ ಕಾನೂನು’. ನಗೆಯಾಡುವಂತಿದ್ದರೂ ನೀರು ನಗೆಯದಲ್ಲ. 1983ರ ಅಕ್ಟೋಬರಿನ ಪ್ರವಾಹ ಸೇತುವೆಗಳನ್ನೂ ದಂಡೆಯ ಮನೆಗಳನ್ನೂ ಜೀವಗಳನ್ನೂ ಕೊಂಡೊಯ್ದಿತು. 2021ರ ಜುಲೈ ಒಂದೇ ತಿಂಗಳಲ್ಲಿ 8 ಅಂಗುಲಕ್ಕೂ ಮಿಕ್ಕಿ ಮಳೆ ಸುರಿಯಿತು. ಊರಿನ ದಾಖಲೆಯಲ್ಲಿ ಅಂಥ ತಿಂಗಳು ಬೇರೊಂದಿಲ್ಲ. ಹಿಂದಿನ ವರ್ಷ ನೆರಿಗೆ ಮಡಚಿಕೊಂಡಿದ್ದ ಸವಾರೊಗಳು ಮೈತುಂಬಿ ನಿಂತವು.

ಮಳೆ ನಿಂತೊಡನೆ ಸಂಸಾರ ಸಂಸಾರವೇ ಸಾಂತಾ ಕ್ರೂಸಿನ ಸೇತುವೆಗೆ ಹೊರಡುತ್ತದೆ. ಇದಕ್ಕೆ ಬುತ್ತಿ ಬೇಡ, ಸ್ವೆಟರು ಬೇಡ. ಕಟಕಟೆಗೆ ಒರಗಿ ನಿಂತು ಕೆಂಪು ನೀರನ್ನು, ಅದರಲ್ಲಿ ತೇಲಿಹೋಗುವ ಕೊಂಬೆಗಳನ್ನು ನೋಡುತ್ತಾರೆ. ಹೆಗಲ ಮೇಲಿನ ಮಕ್ಕಳು ಕೂಗುತ್ತಾರೆ. ಪಕ್ಕದಲ್ಲಿ ನಿಂತ ಅಪರಿಚಿತರೊಡನೆ ಮಾತು ಬೆಳೆಯುತ್ತದೆ. ಯಾರ ಅಂಗಳದಲ್ಲಿ ಎಷ್ಟು ಅಂಗುಲ ಬಿತ್ತೆಂಬುದೇ ಮಾತು. ಊರಿನ ನಡುವೆ ಈಗ ಮಳೆಯಿಲ್ಲದ ದಿನಗಳಲ್ಲಿಯೂ ಒಂದಿಷ್ಟು ದೂರ ನೀರು ಕಾಣುತ್ತದೆ. ಮನೆಗಳಲ್ಲಿ ಬಳಸಿ ಬಿಟ್ಟ ನೀರನ್ನು ಶುದ್ಧಿಮಾಡಿ ನದಿಗೆ ಹರಿಸುವ ಏರ್ಪಾಡು 2019ರಲ್ಲಿ ಆಯಿತು. ಮೊದಲು ನೀರು ಬಿಟ್ಟ ದಿನ ಜೂನ್ 24. ಇನ್ನೂ ಕೆಳಗೆ, ಹಿಂದಿನಿಂದಲೂ ಇಂಥ ನೀರು ಹರಿಯುವ ಭಾಗದಲ್ಲಿ, 2017ರಲ್ಲಿ ಎರಡಂಗುಲವೂ ಇಲ್ಲದ ಗಿಲಾ ಟಾಪ್‌ಮಿನೊ ಎಂಬ ಮೀನು ಹಲವು ದಶಕಗಳ ಮೇಲೆ ಮತ್ತೆ ಕಂಡಿತ್ತು.

ರಾತ್ರಿ ಹಳ್ಳದ ಗುಂಡಿಗಳಿಂದ ಕುರಿ ಒರಲಿದಂಥ ಸದ್ದು ಕೇಳುತ್ತದೆ. ಕುರಿಯಲ್ಲ, ಕಪ್ಪೆ. ಹತ್ತು ತಿಂಗಳಿಗೂ ಮೇಲ್ಪಟ್ಟು ನೆಲದೊಳಗೆ ಹೂತುಕೊಂಡಿದ್ದ ಗುದ್ದಲಿಗಾಲಿನ ಕಪ್ಪೆಗಳು ಗುಡುಗಿನ ಅದುರಿಗೆ ಎದ್ದು ಬಂದಿವೆ. ಗುಂಡಿ ಬತ್ತುವ ಮುನ್ನ ಮೊಟ್ಟೆ ಮರಿಯಾಗಬೇಕು, ಮರಿಗೆ ಕಾಲು ಮೂಡಬೇಕು. ಎಲ್ಲಕ್ಕೂ ಇರುವುದು ಎಂಟು ಹತ್ತು ದಿನ. ಮರುದಿನ ಬೆಳಗಿನ ಐದು ಗಂಟೆಗೆ ನಾಯಿಗಳನ್ನು ಹಿಡಿದು ಬಂದವರು ದಂಡೆಯಲ್ಲಿ ನಿಲ್ಲುತ್ತಾರೆ. ನೀರು ಇಳಿದಿದೆ. ಮರಳು ಇನ್ನೂ ಒದ್ದೆ. ನಾಯಿಗಳು ಹಗ್ಗ ಜಗ್ಗಿಕೊಂಡು ಗುಂಡಿಗಳ ಕಡೆಗೆ ಓಡುತ್ತವೆ. ಇಂದು ಯಾರೂ ನೆಲವನ್ನು ಮುಟ್ಟಿ ನೋಡುವುದಿಲ್ಲ.